ಅರ್ಧಕ್ಕೇ ನಿಂತ ಹಾಡು

ಮೈಸೂರಿನ ಒಂದು ಹಳೇ ಮೊಹಲ್ಲಾದಲ್ಲಿ ನಾಗಭೂಷಣ ಅವರ ಪುಟ್ಟ ಅಂಗಡಿ ಇದೆ. ಮೊಬೈಲ್ ಕವರ್, ಚಾರ್ಜರ್, ಇಯರ್‌ಫೋನ್ ಮಾರುತ್ತಾರೆ.

ತೊಂಬತ್ತರ ದಶಕದಲ್ಲಿ ಅದೇ ಜಾಗದಲ್ಲಿ ಅವರ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇತ್ತು. ಬೇಕಾದ ಸಿನಿಮಾ ಹಾಡುಗಳ ಪಟ್ಟಿ ಬರೆದು ಕೊಟ್ಟರೆ ಸಾಕು... ಸಂಜೆಗೆ ಕ್ಯಾಸೆಟ್ ರೆಡಿ.

ಆ ಕಾಲದ ಒಂದು ಟೇಪ್ ಡೆಕ್ ಇನ್ನೂ ಮೂಲೆಯಲ್ಲಿದೆ. ಹಳೇ ಕ್ಯಾಸೆಟ್ ತಂದವರಿಗೆ ಪೆನ್‌ಡ್ರೈವ್‌ಗೆ ಹಾಕಿಕೊಡುತ್ತಾರೆ.

ಒಂದು ದಿನ ಚೆನ್ನಾಜಮ್ಮ ಎಂಬ ವಯಸ್ಸಾದ ಹೆಂಗಸು ಬಂದು ಒಂದು ಕ್ಯಾಸೆಟ್ ಕೊಟ್ಟರು. ಅದರ ಮೇಲೆಲ್ಲ ಒಣಗಿದ ಕಪ್ಪು ಬೆರಳಚ್ಚು... ಒಳಗಿನ ಕಾರ್ಡಿನಲ್ಲಿ ನಾಗಭೂಷಣರದೇ ಅಕ್ಷರ!

ಚೆನ್ನಾಜಮ್ಮ ಮತ್ತು ಅವರ ಗೆಳತಿ ಪದ್ಮಿನಿ ಇಪ್ಪತ್ತು ವರ್ಷ ಒಂದೇ ಜಗಲಿಯಲ್ಲಿ ಕೂತು ಊದುಬತ್ತಿ ಹೊಸೆದವರು. ಇಬ್ಬರೂ ಸೇರಿ ಆಸೆಪಟ್ಟು ಮಾಡಿಸಿದ ಕ್ಯಾಸೆಟ್ ಅದು.

ಈಗ ಪದ್ಮಿನಿಗೆ ಸ್ಟ್ರೋಕ್ ಆಗಿದೆ. ಜನರ ಗುರುತು ಸಿಗುತ್ತದೆ, ಹೇಳಿದ್ದು ಅರ್ಥವಾಗುತ್ತದೆ... ಆದರೆ ಬಾಯಿಗೆ ಮಾತು ಬರುವುದಿಲ್ಲ. ಹಳೇ ಹಾಡು ಕೇಳಿಸಿ ನೋಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ.

"ಅವ್ಳು ನನ್ ಹೆಸ್ರು ಕರ್ದು ನಾಕ್ ತಿಂಗ್ಳಾಯ್ತು ಕಣಪ್ಪಾ... ಇದ್ರಲ್ಲಿ ಹೆಂಗದೋ ಹಂಗೇ ಹಾಕ್ಕೊಡು," ಎಂದರು ಚೆನ್ನಾಜಮ್ಮ.

ಅವರು ಹೋದ ಮೇಲೆ ನಾಗಭೂಷಣ ಕ್ಯಾಸೆಟ್ ಹಾಕಿ ಕೇಳಿದರು. ಮೊದಲ ಮಗ್ಗುಲಿನ ಕೊನೆಯ ಹಾಡು... ಎರಡನೇ ಚರಣದ ಮಧ್ಯೆ ಕತ್ತರಿಸಿದಂತೆ ನಿಂತುಹೋಯಿತು.

ಅವರಿಗೆ ನಾಚಿಕೆಯಾಯಿತು. ಅರ್ಧ ಗಂಟೆಯ ಮಗ್ಗುಲಿಗೆ ಐದು ಹಾಡು ಸಾಕಿತ್ತು. ಪಟ್ಟಿಯಲ್ಲಿದೆಯಲ್ಲ ಎಂದು ಆರನೆಯದನ್ನೂ ತುರುಕಿದ್ದು ಅವರೇ. ಮಾರನೇ ದಿನ ಈ ಇಬ್ಬರು ಗೆಳತಿಯರು ಕೇಳಲು ಬಂದಾಗ, ಟೇಪ್ ಮುಗಿದರೆ ನಾನೇನು ಮಾಡಲಿ ಎಂದು ದಬಾಯಿಸಿ ಕಳಿಸಿದ್ದೂ ಅವರೇ.

ಆ ತಪ್ಪನ್ನು ಈಗಲಾದರೂ ಸರಿಮಾಡೋಣ ಎಂದುಕೊಂಡರು. ಕ್ಯಾಸೆಟ್ ಪಕ್ಕಕ್ಕಿಟ್ಟು, ಅವೇ ಹನ್ನೆರಡು ಹಾಡುಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಒಂಚೂರೂ ಗೊರಗೊರ ಇಲ್ಲದಂತೆ ಪೂರ್ತಿಯಾಗಿ ಹಾಕಿಕೊಟ್ಟರು. ಅವರಿಗೆ ತಮ್ಮ ಮೇಲೆ ತಮಗೇ ಮೆಚ್ಚುಗೆಯಾಯಿತು.

ನಾಲ್ಕು ದಿನದ ನಂತರ ಚೆನ್ನಾಜಮ್ಮ ಮತ್ತೆ ಬಂದರು. ಬೈಯಲಿಲ್ಲ. ಹಾಡು ಕೇಳಿ ಪದ್ಮಿನಿ ಗೋಡೆ ಕಡೆ ಮುಖ ತಿರುಗಿಸಿ ಮಲಗಿಬಿಟ್ಟಳು ಎಂದಷ್ಟೇ ಹೇಳಿದರು. ಕ್ಯಾಸೆಟ್ ವಾಪಸ್ ಕೇಳಿದರು.

ನಾಗಭೂಷಣರಿಗೆ ಸ್ವಲ್ಪ ಕೋಪವೇ ಬಂತು. ಅರ್ಧ ಇದ್ದ ಹಾಡನ್ನು ಪೂರ್ತಿ ಮಾಡಿಕೊಟ್ಟಿದ್ದೇನಲ್ಲ, ಇನ್ನೇನು ಬೇಕಿತ್ತು ಎಂದು ಕೇಳಿದರು.

ಚೆನ್ನಾಜಮ್ಮ ಕ್ಯಾಸೆಟ್ ಮೇಲಿನ ಕಪ್ಪು ಬೆರಳಚ್ಚು ತೋರಿಸಿದರು. ಆಮೇಲೆ ಹೇಳಿದರು...

ಊದುಬತ್ತಿ ಹೊಸೆಯುವಾಗ ಕೈತುಂಬ ಕಪ್ಪು ಮಸಾಲೆ ಅಂಟಿರುತ್ತಿತ್ತು. ಸಾವಿರ ಕಡ್ಡಿ ಮುಗಿಯುವ ತನಕ ಕೈ ತೊಳೆಯುವಂತಿಲ್ಲ. ಮೊದಮೊದಲು ಆ ಕೈಯಲ್ಲೇ ಮುಟ್ಟಿ ಕ್ಯಾಸೆಟ್ಟೆಲ್ಲ ಕಪ್ಪಾಗಿತ್ತು; ಆಮೇಲೆ ಹಾಡು ಅರ್ಧಕ್ಕೆ ನಿಂತರೂ ತಿರುಗಿಸಿ ಹಾಕುತ್ತಿರಲಿಲ್ಲ.

"ಅದಕ್ಕೆ ಮಿಕ್ಕಿದ್ದ ನಾವೇ ಹಾಡ್ಕೊಳೋವು. ನಿಜವಾದ ಪದ ಯಾರಿಗ್ ಗೊತ್ತಿತ್ತು? ಪದ್ಮಿನಿನೇ ಕಟ್ಟಿದ್ಲು... ದಿನಾ ಅದೇ ಹಾಡಿ ಹಾಡಿ ನಗೋವು."

ಏನು ಪದ ಎಂದು ನಾಗಭೂಷಣ ಕೇಳಿದರು. ಚೆನ್ನಾಜಮ್ಮ ನಾಚಿಕೊಂಡು, ಅದೇನೋ ಹುಚ್ಚು ಪದ ಬಿಡಪ್ಪ ಎಂದರು.

ನಾಗಭೂಷಣ ಆಗಲೇ ಕ್ಯಾಸೆಟ್ ಅನ್ನು ಡೆಕ್ಕಿಗೆ ಹಾಕಿದರು. ಈ ಸಲ ಏನನ್ನೂ ಮುಟ್ಟಲಿಲ್ಲ. ಗೊರಗೊರ ಹಾಗೇ ಇರಲಿ ಎಂದು ಬಿಟ್ಟರು. ಹಾಡು ನಿಂತ ಕಡೆ, ಮುಂದಿನ ಹಾಡು ತಕ್ಷಣ ಶುರುವಾಗದಂತೆ, ಎರಡು ನಿಮಿಷ ಖಾಲಿ ಬಿಟ್ಟರು.

ಮಧ್ಯಾಹ್ನ ಅಂಗಡಿ ಮುಚ್ಚಿ, ಒಂದು ಸಣ್ಣ ಸ್ಪೀಕರ್ ಹಿಡಿದು ತಾವೂ ಜೊತೆಗೆ ಪದ್ಮಿನಿಯ ಮನೆಗೆ ಹೋದರು.

ಪದ್ಮಿನಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಒಂದಾದ ಮೇಲೊಂದು ಐದು ಹಾಡು ಮುಗಿದವು. ಅವರು ಅಲುಗಾಡಲಿಲ್ಲ.

ಆರನೇ ಹಾಡು ಶುರುವಾಯಿತು... ಎರಡನೇ ಚರಣ ಬಂತು... ಮಧ್ಯದಲ್ಲೇ ನಿಂತಿತು.

ಚೆನ್ನಾಜಮ್ಮನೂ ಹಾಡಲಿಲ್ಲ, ಕಾದರು. ಅರ್ಧ ನಿಮಿಷ... ಒಂದು ನಿಮಿಷ...

ಪದ್ಮಿನಿ ನಿಧಾನವಾಗಿ ಈ ಕಡೆ ತಿರುಗಿದರು. ತುಟಿ ಅದುರಿತು. ಅದೇ ರಾಗದಲ್ಲಿ, ತೊದಲುತ್ತಾ, ಹೊರಗೆ ಬಂತು...

"ಸಾವಿರ ಕಡ್ಡಿ ಆಯ್ತಲ್ಲೇ ಚೆನ್ನೀ... ಸಾಕೇಳು, ಟೀಗೆ ನೀರಿಡೇ ಚೆನ್ನೀ..."

ಚೆನ್ನಾಜಮ್ಮ ಅಳುತ್ತಲೇ ನಕ್ಕರು. ಗೆಳತಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇಡ್ತೀನಿ ಕಣೇ... ಈಗ್ಲೇ ಇಡ್ತೀನಿ," ಎಂದರು.

ನಾಗಭೂಷಣ ಬಾಗಿಲ ಹತ್ತಿರ ನಿಂತು ಕಣ್ಣೊರೆಸಿಕೊಂಡರು. ಮೂವತ್ತು ವರ್ಷದ ಹಿಂದೆ ತಾವು ಮಾಡಿದ ತಪ್ಪಿನ ಜಾಗದಲ್ಲೇ ಈ ಇಬ್ಬರು ತಮ್ಮದೊಂದು ಹಾಡು ಕಟ್ಟಿಕೊಂಡಿದ್ದರು. ಅದನ್ನು ಸರಿಮಾಡಲು ಹೋಗಿ ನಾಗಭೂಷಣ ಅಳಿಸಿಯೇ ಬಿಟ್ಟಿದ್ದರು.

ಇಲ್ಲಿ ಪವಾಡವೇನೂ ಆಗಲಿಲ್ಲ. ಪದ್ಮಿನಿಗೆ ಮಾತು ಇನ್ನೂ ಸರಿಯಾಗಿ ಬಂದಿಲ್ಲ. ಆದರೆ ದಿನಾ ಮಧ್ಯಾಹ್ನ ಸ್ಪೀಕರ್ ಹಾಕುತ್ತಾರೆ... ಹಾಡು ಅರ್ಧಕ್ಕೆ ನಿಲ್ಲುತ್ತದೆ... ಆಮೇಲೆ ಚೆನ್ನಾಜಮ್ಮ ಎದ್ದು ಹೋಗಿ ಟೀಗೆ ನೀರಿಡುತ್ತಾರೆ.

ಹಳೇ ಹಾಡನ್ನು ನಾವು ಹುಡುಕುವುದು ಹಾಡಿಗಾಗಿ ಅಲ್ಲ... ಆಗ ನಮ್ಮ ಪಕ್ಕ ಕೂತಿದ್ದವರಿಗಾಗಿ.

ನಿಮ್ಮ ಹಾಡು ಅರ್ಧಕ್ಕೆ ನಿಂತಾಗ ಮಿಕ್ಕಿದ್ದನ್ನು ಹಾಡುತ್ತಿದ್ದವರು ಯಾರು? ಅವರ ಜೊತೆ ಕೊನೆಯ ಸಲ ಮಾತಾಡಿದ್ದು ಯಾವಾಗ?