ಬಲಗೈ ಬಳೆ

ತವರಿಗೆ ಬಂದ ಕಸ್ತೂರಿಯ ಉಬ್ಬಿದ ಹೊಟ್ಟೆ ಕಂಡು, ಅವ್ವನ ಕಾಲದ ಬಳೆಗಾರ್ತಿ ಮಾಬೂಬಿ ಹಸಿರು ಬಳೆ ತೆಗೆದಳು.

"ಎಷ್ಟ್ ತಿಂಗ್ಳಾತವ್ವಾ?"

"ಏಳಾತು." ನಿಜ ಹೇಳಲು ಕಸ್ತೂರಿಗೆ ಬಾಯಿ ಬರಲಿಲ್ಲ.

ಹೊಟ್ಟೆಯಲ್ಲಿದ್ದದ್ದು ಕೂಸಲ್ಲ. "ಕಿಡ್ನಿಯ ಜೀವಕೋಶಗಳಿಗೆ 'ಬೆಳೀರಿ' ಅಂತ ಹೇಳೋ ರಸ ಸುಮ್ಮನಾಗ್ತಿಲ್ಲಮ್ಮ. ಅವು ಹೆಚ್ಚುತ್ತಲೇ ಇವೆ, ನೀರುಗುಳ್ಳೆ ತುಂಬಿ ಎರಡೂ ಕಿಡ್ನಿ ಊದಿವೆ. ನಿಮ್ಮ ತಾಯಿಗೂ ಇತ್ತಾ?" ಎಂದು ಡಾಕ್ಟರು ಕೇಳಿದ್ದರು. ಚಿಕ್ಕವಳಿದ್ದಾಗಲೇ ತೀರಿಕೊಂಡ ಅವ್ವನಿಗೆ ಏನಾಗಿತ್ತೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬಲಗೈ ತುಂಬಿತು.

"ಎಡಗೈ ಕೊಡವ್ವಾ."

ಡಯಾಲಿಸಿಸ್ ಸೂಜಿ ಚುಚ್ಚುವ ಆ ಕೈಗೆ ಬಳೆ ತೊಡುವಂತಿರಲಿಲ್ಲ. ಕಸ್ತೂರಿ ಅದನ್ನು ಸೆರಗಿನೊಳಗೆ ಎಳೆದುಕೊಂಡಳು.

ಮಾಬೂಬಿ ಉಳಿದ ಬಳೆಗಳನ್ನು ಬುಟ್ಟಿಗೆ ಹಾಕಿದಳು.

"ಇರ್ಲಿ ಬಿಡವ್ವಾ. ಹಿಂಗ ಹೊಟ್ಟಿ ಬಂದ ಮ್ಯಾಲ ನಿಮ್ಮವ್ವನೂ ಬಲಗೈಯಷ್ಟ ಕೊಡ್ತಿದ್ಳು."