ಜೀಪು ಹತ್ತಿದ ಮಂತ್ರ

ಬೇವಿನ ಸೊಪ್ಪಿನ ವಾಸನೆ ಬಂದರೆ ಈಗಲೂ ಕವಲಂದೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಹುಲ್ಲು ಕೊಯ್ಯುತ್ತಿದ್ದ ಅವ್ವನ ಕಾಲಿಗೆ ಹಾವು ಕಚ್ಚಿತ್ತು. ಊರಿಗೆಲ್ಲ ವಿಷ ಇಳಿಸುವ ತಾತ ಬೇವಿನ ಸೊಪ್ಪಿನಿಂದ ಅವಳ ಕಾಲು ನೀವುತ್ತ ಮಂತ್ರ ಹೇಳುತ್ತಿದ್ದರು.

"ಮಂತ್ರಕ್ಕೆ ವಿಷ ಇಳಿಯಲ್ಲ ಕಣಪ್ಪಾ, ಇಂಜೆಕ್ಷನ್ ಆಗ್ಬೇಕು" ಎಂದು ಅಪ್ಪ ಕೂಗಾಡಿದರು.

"ಅರ್ಧಕ್ಕೆ ಬುಟ್ರೆ ವಿಷ ತಲೆಗೇರ್ತದೆ ಕಣ್ಲಾ!" ಎಂದ ತಾತ ಕದಲಲಿಲ್ಲ. ಅವ್ವನ ರೆಪ್ಪೆ ಜೋಲುತ್ತಿತ್ತು.

ಅಷ್ಟರಲ್ಲಿ ಜೀಪು ಮಾಡಿಸಿಕೊಂಡು ಬಂದ ಅಜ್ಜಿ ಯಾರ ಪರವನ್ನೂ ವಹಿಸಲಿಲ್ಲ. "ಅರ್ಧಕ್ಕೆ ಯಾಕ್ ಬುಟ್ಟೀರಿ? ಜೀಪಲ್ಲೇ ಯೋಳ್ಕಂಡ್ ಬನ್ನಿ, ಹತ್ತಿ ಮೊದ್ಲು!" ಎಂದಳು.

ನಂಜನಗೂಡಿನ ಆಸ್ಪತ್ರೆಯವರೆಗೂ ತಾತ ಸೊಪ್ಪು ಬೀಸುತ್ತಲೇ ಇದ್ದರು. ಇಂಜೆಕ್ಷನ್ ಕೊಟ್ಟ ಮೇಲೆ, ಸಂಜೆಗೆ ಅವ್ವ ಕಣ್ಣು ಬಿಟ್ಟು ನೀರು ಕೇಳಿದಳು.

"ನೋಡ್ದೇನ್ಲಾ ನನ್ ಮಂತ್ರಾವ?" ಎಂದರು ತಾತ.

ವಾದಕ್ಕೆ ಬಾಯಿ ತೆರೆದ ಅಪ್ಪ, ಅವ್ವನ ಮುಖ ನೋಡಿ, "ಊಂ ಕಣಪ್ಪಾ, ನಿನ್ ಮಂತ್ರಾನೇ" ಎಂದು ಅತ್ತುಬಿಟ್ಟರು.