ಇಲಿಯ ರಿಪೋರ್ಟು

ಇಲಿಯ ರಕ್ತದ ರಿಪೋರ್ಟು ಮೂರನೇ ದಿನಕ್ಕೆ ಬಂತು. ಗಂಡನದು ಆರು ದಿನವಾದರೂ ಬಂದಿರಲಿಲ್ಲ. ಹಾಸಿಗೆ ಅಂಗಡಿಯ ಅಕ್ಕ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಸಂಖ್ಯೆ ನಲವತ್ತೊಂದು. ಹೆಣ್ಣು. ತೂಕ ನೂರ ಅರವತ್ತು ಗ್ರಾಂ. ಸಿಕ್ಕ ಜಾಗ: ಹಾಸಿಗೆ ಅಂಗಡಿಯ ಹತ್ತಿ ಕೋಣೆ. ಕೊನೆಯ ಸಾಲಿನಲ್ಲಿ ಹಂಟಾ ವೈರಸ್ ಎಂದು ಬರೆದು, ಅದರ ಮುಂದೆ ‘ಇದೆ’ ಎಂದು ಕೆಂಪು ಶಾಯಿಯಲ್ಲಿ ಗೀಚಿದ್ದರು. ಅವಳ ಮದುವೆಯ ಹೊತ್ತಿನಲ್ಲಿ ಗಂಡಿನ ಬಗ್ಗೆಯೂ ಯಾರೂ ಇಷ್ಟು ವಿಚಾರಿಸಿರಲಿಲ್ಲ.

ಕಾಗದ ತಂದವನು ಆರೋಗ್ಯ ಇಲಾಖೆಯ ಬೋನಿನವನು. ಅಂಗಡಿಯ ಹಿಂದಿನ ಖಾಲಿ ಜಾಗದ ಪೊದೆಗಳನ್ನು ಬುಲ್ಡೋಜರ್ ಸವರಿ ಹಾಕಿದ್ದೇ ತಡ, ಅಲ್ಲಿದ್ದ ಕಾಡಿಲಿಗಳೆಲ್ಲ ಬೀದಿಯ ಮನೆಗಳಿಗೆ ನುಗ್ಗಿದ್ದವು. ಇಲಾಖೆಯವರು ಮನೆಮನೆಗೂ ಬೋನು ಇಡಿಸಿದ್ದರು. ಬೋನಿನವನು ಕೈಗವಸು ಮುಖಗವಸು ತೊಟ್ಟು, ಹೊಸ ಅಳಿಯನನ್ನು ಕರೆದೊಯ್ಯುವ ಮರ್ಯಾದೆಯಿಂದ ಆ ಇಲಿಯನ್ನು ಕೊಂಡೊಯ್ದಾಗ, ಗಂಡ ಆಸ್ಪತ್ರೆಯಲ್ಲಿದ್ದರೂ ಅಕ್ಕನಿಗೆ ನಗು ತಡೆಯಲಾಗಿರಲಿಲ್ಲ. ಈಗ ಅವನು ಬಾಗಿಲಲ್ಲೇ ನಿಂತು ಪಾಠ ಒಪ್ಪಿಸಿದ. ಇಲಿಯ ಉಚ್ಚೆ, ಹಿಕ್ಕೆ ಒಣಗಿ ಧೂಳಿನ ಜೊತೆ ಮೂಗಿಗೆ ಹೋದರೆ ಮನುಷ್ಯರಿಗೂ ಈ ಕಾಯಿಲೆ ಬರುತ್ತದೆ, ಮೊದಲು ಜ್ವರ, ಮೈಕೈ ನೋವು, ಆಮೇಲೆ ಉಸಿರು ಕಟ್ಟುತ್ತದೆ, ಆ ಕೋಣೆಗೆ ಪೊರಕೆ ಹಾಕಬೇಡಿ, ಔಷಧಿ ನೀರು ಹಾಕಿ ಒರೆಸಿ ಎಂದ. ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯಾ ಎಂದು ಅವನು ಕೇಳುವಷ್ಟರಲ್ಲಿ ಅಕ್ಕ ಚಪ್ಪಲಿ ಮೆಟ್ಟಿ ಬೀದಿಗೆ ಇಳಿದಿದ್ದಳು.

ವಾರ್ಡಿನಲ್ಲಿ ಗಂಡ ಎರಡು ದಿಂಬಿಗೆ ಒರಗಿ ಏದುಸಿರು ಬಿಡುತ್ತಿದ್ದ. ಯಾವುದೋ ವೈರಲ್ ಜ್ವರ, ರಿಪೋರ್ಟು ಬರಲಿ ಎನ್ನುತ್ತ ಬಾಟಲಿಯ ಮೇಲೆ ಬಾಟಲಿ ಏರಿಸುತ್ತಿದ್ದರು. ಅಕ್ಕ ಕಾಗದವನ್ನು ನರ್ಸಿನ ಕೈಗಿಟ್ಟು ಫೈಲಿಗೆ ಸೇರಿಸಲು ಹೇಳಿದಳು. ನರ್ಸ್ ಅದರಲ್ಲಿ ರೋಗಿಯ ಹೆಸರು ಹುಡುಕಿದಳು. ತೂಕ ಓದಿದಳು. ಮತ್ತೊಮ್ಮೆ ಓದಿದಳು.

“ಇದು ಪೇಷಂಟಿಗೆ ಏನಾಗಬೇಕು?”

“ಒಂದೇ ಮನೆಯವರು.”

ಇಂಥದ್ದನ್ನೆಲ್ಲ ಫೈಲಿಗೆ ಹಾಕಲು ಬರುವುದಿಲ್ಲ ಎಂದು ನರ್ಸ್ ಕಾಗದ ವಾಪಸು ಕೊಟ್ಟಳು. ಅಕ್ಕ ಜಗಳವಾಡಲಿಲ್ಲ. ನೇರ ಹೋಗಿ ಡಾಕ್ಟರ ಕೋಣೆಯ ಹೊಸ್ತಿಲಿಗೆ ಅಡ್ಡ ನಿಂತಳು. “ಇವರ ರಿಪೋರ್ಟು ಬರೋ ತನಕ ಇದನ್ನೇ ಇವರದು ಅಂತ ಇಟ್ಕೊಂಡು ಔಷಧಿ ಕೊಡಿ ಡಾಕ್ಟ್ರೇ” ಎಂದಳು.

ಡಾಕ್ಟರು ಮೊದಲು ನಕ್ಕರು. ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು. ನಿಮ್ಮ ಯಜಮಾನರು ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರು. ಆರು ದಿನದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅಕ್ಕ ಹೇಳಿದಳು. ಮೂರು ವಾರದ ಹಿಂದೆ, ಕೋಣೆಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಹಾಸಿಗೆಯೊಂದನ್ನು ಗಂಡ ಹೊಸದಾಗಿ ಹೊಲಿಯಲೆಂದು ಬಿಚ್ಚಿದ. ಹತ್ತಿಯೊಳಗೆ ಇಲಿಯ ಗೂಡಿತ್ತು. ಮರಿಗಳನ್ನು ಹೊರಗೆ ಬಿಟ್ಟು, ಅದೇ ಹತ್ತಿಯನ್ನು ಮಧ್ಯಾಹ್ನವೆಲ್ಲ ಕೋಲಿನಿಂದ ಬಡಿದ. ತಮ್ಮ ಮನೆಗೆ ಹತ್ತಿ ಹಾರುತ್ತದೆ ಎಂದು ಪಕ್ಕದವರು ಗೊಣಗಿದ್ದರಿಂದ ಕೋಣೆಯ ಕಿಟಕಿ ಬಾಗಿಲು ಹಾಕಿಕೊಂಡಿದ್ದರು. ಕೆಮ್ಮಿದ್ದು ನಿಜ, ಆದರೆ ಹತ್ತಿ ಕೆಲಸದವರು ಕೆಮ್ಮಿದರೆ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಇಲಿಯ ರಿಪೋರ್ಟು ಮನುಷ್ಯನಿಗೆ ಸಾಕ್ಷಿಯಾಗುವುದಿಲ್ಲ ಎಂದು ಡಾಕ್ಟರು ಗಂಭೀರವಾಗಿ ಹೇಳಿದರು. ಹೇಳುತ್ತಲೇ ಮಂಚದ ಬಳಿ ಹೋಗಿ, ಬಾಟಲಿಯ ನಳಿಗೆಯ ಗಾಲಿ ತಿರುಗಿಸಿ ನೀರು ನಿಲ್ಲಿಸಿದರು. ಇದು ಅದೇ ಕಾಯಿಲೆಯಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ನಾವು ಮುಳುಗುವವನ ತಲೆಗೆ ಕೊಡ ಕೊಡ ಸುರಿಯುತ್ತಿದ್ದೆವು ಎಂದು ನರ್ಸಿಗೆ ತಗ್ಗಿದ ದನಿಯಲ್ಲಿ ಹೇಳಿದ್ದು ಅಕ್ಕನಿಗೂ ಕೇಳಿಸಿತು. ಗಂಡನ ರಕ್ತವನ್ನು ಆ ವೈರಸ್ಸಿನ ಪರೀಕ್ಷೆಗೂ ಕಳಿಸಿ, ಮಂಚವನ್ನು ತೀವ್ರ ನಿಗಾ ಘಟಕಕ್ಕೆ ತಳ್ಳಿಕೊಂಡು ಹೊರಟರು.

“ಉಳೀತಾರಾ?” ಎಂದು ಅಕ್ಕ ಕೇಳಿದಳು.

“ಇದಕ್ಕೆ ಅಂತ ಔಷಧಿ ಇಲ್ಲಮ್ಮ. ನಾವು ಉಸಿರು ನೋಡ್ಕೋತೀವಿ. ಎರಡು ದಿನ ಕಳೀಲಿ.”

ಆ ಎರಡು ದಿನ ಅಕ್ಕ ಹೊರಗಿನ ಬೆಂಚಿನ ಮೇಲೆ ಕುಳಿತು ಹೆದರಿದಳು. ಬೇರೆ ಕೆಲಸವೇನೂ ಇರಲಿಲ್ಲ. ಮೂರನೆಯ ಬೆಳಿಗ್ಗೆ ಒಳಗೆ ಕರೆದಾಗ ಗಂಡನ ಮುಖದಿಂದ ಮಾಸ್ಕ್ ತೆಗೆದಿದ್ದರು. ಆ ಹಾಸಿಗೆಯ ಮೂಲೆ ಹೊಲಿಗೆ ಮುಗಿಯಿತಾ ಎಂದು ಅವನು ಕೇಳಿದ. ನಿಮ್ಮ ಹಾಸಿಗೆ ಹಾಳಾಗ ಎಂದು ಬೈದು, ಅವನ ಕೈ ಹಿಡಿದು ಗೊಳೋ ಎಂದು ಅತ್ತಳು. ಅತ್ತು ಏಳುವಾಗ ಸೊಂಟ, ತೊಡೆ ಎಲ್ಲ ಹಿಡಿದುಕೊಂಡವು. ಬೆಂಚಿನ ಮೇಲೆ ಮಲಗಿದ್ದಕ್ಕೆ ಇರಬೇಕು ಎಂದುಕೊಂಡಳು.

ಡಾಕ್ಟರು ಅಂದು ಖುಷಿಯಲ್ಲಿದ್ದರು. ಇವರ ರಿಪೋರ್ಟು ಮಾತ್ರ ಇನ್ನೂ ಬಂದಿಲ್ಲ ಎಂದು ತುಸು ಸಂಕೋಚದಿಂದ ಹೇಳಿ ಹೊರಟವರು, ಬಾಗಿಲ ಬಳಿ ನಿಂತು, ಹತ್ತಿ ಬಡಿಯುವಾಗ ಆ ಕೋಣೆಯಲ್ಲಿ ಬೇರೆ ಯಾರಿದ್ದರು ಎಂದು ಕೇಳಿದರು.

“ನಾನೇ ಇದ್ದೆ. ಇವರು ಬಡೀತಿದ್ರು, ನಾನು ಹಿಂಜ್ತಿದ್ದೆ.”

ಡಾಕ್ಟರು ಚೀಟಿ ಬರೆದು ಅವಳ ಕೈಗೆ ಕೊಟ್ಟರು. ಈಗಲೇ ಹೋಗಿ ರಕ್ತ ಕೊಡಬೇಕೆಂದರು. ರಿಪೋರ್ಟು ಯಾವಾಗ ಬರುತ್ತದೆ ಎಂದು ಅವಳು ಕೇಳಿದಳು. ವಾರ, ಹತ್ತು ದಿನ ಎಂದರು.

ಅಕ್ಕ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು.

“ಅಷ್ಟು ದಿನ ಯಾರು ಕಾಯ್ತಾರೆ ಡಾಕ್ಟ್ರೇ? ಬೋನಿನವನಿಗೆ ಹೇಳಿ ಇನ್ನೊಂದು ಇಲಿ ಹಿಡಿಸ್ತೀನಿ.”